ಮಲೆನಾಡಿನ ತೋಟದ ಮನೆಯ ಸುತ್ತಲಿನ ಜೀವಲೋಕ: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ, ಸೊರಬ, ಸಿರ್ಸಿ, ತೀರ್ಥಹಳ್ಳಿ, ಕೊಪ್ಪದ ಕಡೆಯ ಅಡಿಕೆ ತೋಟದ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆದಿದ್ದೇನೆ. ಹಿಂದೆ ಸೊಪ್ಪಿನ ಬೆಟ್ಟ, ಮುಂದೆ ಅಂಗಳ, ತಗ್ಗಿನಲ್ಲಿ ತೋಟ, ತೋಟದ ಅಂಚಿನಲ್ಲಿ ಹಳ್ಳ, ಅದರಾಚೆ ಒಂದಿಷ್ಟು ಗದ್ದೆ ಇರುವ ಮನೆಗಳು ಇವು. ಊರಿಗೆ ಮರಳಿ ಬಂದು ನೆಲೆಸುತ್ತಿರುವವರು ಮತ್ತು ರಜೆಗೆಂದು ಬರುವ ಮಕ್ಕಳ ತಂದೆತಾಯಿ ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ.

ಅಭಯಾರಣ್ಯಕ್ಕೆ ಹೋಗದೆ ಮನೆಯ ಸುತ್ತಲೇ ನೋಡುವಂಥದ್ದು ನಿಜವಾಗಿಯೂ ಏನಾದರೂ ಇದೆಯೇ?

ಇದೆ. ಅಭಯಾರಣ್ಯದಲ್ಲಿ ಒಂದು ದಿನ ಸುತ್ತಿ ಬಂದವರಿಗೆ ಸಿಗದೇ ಇರುವಂಥದ್ದು ಇಲ್ಲಿದೆ. ಪ್ರವಾಸಕ್ಕೆ ಹೋದವರು ಒಂದು ಹಕ್ಕಿಯನ್ನು ಒಮ್ಮೆ ನೋಡಿ ಬರುತ್ತಾರೆ. ಮನೆಯಲ್ಲಿರುವವರು ಅದೇ ಹಕ್ಕಿ ಜೋಡಿ ಹುಡುಕುವುದನ್ನು, ಗೂಡಿಗೆ ನಾರು ಒಯ್ಯುವುದನ್ನು, ಮರಿಗಳಿಗೆ ಗುಟುಕು ಕೊಡುವುದನ್ನು, ಕೊನೆಗೊಂದು ದಿನ ಆ ಮರಿಗಳು ದಾಸವಾಳದ ಗಿಡದಿಂದ ತಡವರಿಸುತ್ತ ಹಾರುವುದನ್ನು ನೋಡುತ್ತಾರೆ. ಒಂದೇ ಜಾಗವನ್ನು ವರ್ಷವಿಡೀ ನೋಡುವುದೇ ಮನೆಯಲ್ಲಿರುವವರಿಗೆ ಸಿಕ್ಕಿರುವ ಭಾಗ್ಯ ಎಂದು ನಾನು ನಂಬಿದ್ದೇನೆ.

ಮೊದಲ ಪಾಠಕ್ಕೆ ತೋಟಕ್ಕೇ ಇಳಿಯಿರಿ. ಬಿಸಿಲೇರಿದ ಮೇಲೆ ಅಡಿಕೆ ಮರಗಳ ಕಾಂಡಗಳನ್ನು ಒಂದೊಂದಾಗಿ, ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ನೋಡುತ್ತ ಹೋದರೆ, ತೊಗಟೆಯದೇ ಬಣ್ಣದ ಓತಿಯೊಂದು ಕಾಂಡಕ್ಕೆ ಮೈ ಒತ್ತಿಕೊಂಡಿರುವುದು ಕಣ್ಣಿಗೆ ಬೀಳುತ್ತದೆ. ಗಂಡಾದರೆ ಗಂಟಲ ಕೆಳಗಿನ ಹಳದಿ ಚರ್ಮವನ್ನು ಬಾವುಟದಂತೆ ಬಿಚ್ಚಿ ಮಡಚುತ್ತಿರುತ್ತದೆ. ಇರುವೆಗಳನ್ನು ಹೆಕ್ಕುತ್ತ ಮೇಲೇರಿ, ಸಾಕೆನಿಸಿದಾಗ ಪಕ್ಕೆಲುಬುಗಳನ್ನು ಅಗಲಿಸಿ, ಅವುಗಳ ನಡುವಿನ ತೊಗಲನ್ನು ರೆಕ್ಕೆಯಂತೆ ಹರಡಿ, ಮುಂದಿನ ಮರಕ್ಕೆ ತೇಲಿ ಹೋಗುತ್ತದೆ. ಇದೇ ಹಾರುವ ಓತಿ. ಹೆಣ್ಣು ಮೊಟ್ಟೆಯಿಡುವುದಕ್ಕೆಂದು ಮಾತ್ರ ನೆಲಕ್ಕಿಳಿಯುತ್ತದೆ. ಹುಟ್ಟಿದಂದಿನಿಂದ ಅದೇ ತೋಟದಲ್ಲಿ ಅಡಿಕೆ ಕೊನೆ (ಗೊನೆ) ತೆಗೆಸುತ್ತಿದ್ದರೂ ಇದನ್ನು ನೋಡಿಲ್ಲದವರನ್ನು ಬಲ್ಲೆ.

ನಸುಕಿನಲ್ಲಿ ಹಳ್ಳದ ಕಡೆಯಿಂದ ಯಾರೋ ಸಿಳ್ಳೆ ಹಾಕುತ್ತ ಹೋದಂತೆ ಕೇಳಿಸುತ್ತದೆ. ಅದು ಮನುಷ್ಯರೇ, ಹಕ್ಕಿಯೇ?

ಅದು ಸರಳೆ ಸಿಳ್ಳಾರ ಎಂಬ ಹಕ್ಕಿ. ಮನಸ್ಸು ಬೇರೆಲ್ಲೋ ಇರುವ ಹುಡುಗನೊಬ್ಬ ರಾಗ ಹಿಡಿದು, ಅರ್ಧಕ್ಕೇ ಬಿಟ್ಟು, ಮತ್ತೊಂದು ಹಿಡಿದಂತೆ ಅದರ ಹಾಡು ಸಾಗುತ್ತದೆ. ಮಳೆಗಾಲ ಹತ್ತಿರವಾದಾಗ ಮತ್ತು ಮಳೆಗಾಲದಲ್ಲಿ, ಬೆಳಕು ಹರಿಯುವುದಕ್ಕೂ ಮೊದಲು ಇದು ಜೋರಾಗಿ ಕೇಳಿಸುತ್ತದೆ. ದೂರದಿಂದ ಬರೀ ಕಪ್ಪಾಗಿ ಕಾಣುವ ಈ ಹಕ್ಕಿಯ ಹಣೆ ಮತ್ತು ಹೆಗಲಿನ ಮೇಲೆ ಬಿಸಿಲು ಬಿದ್ದಾಗ ಕಡುನೀಲಿ ಮಿಂಚುತ್ತದೆ. ಹಳ್ಳದ ಬಂಡೆಗಳ ಸಂದಿಯಲ್ಲಿ ಗೂಡು ಕಟ್ಟುವುದು ಇದರ ರೂಢಿ; ಕೆಲವೊಮ್ಮೆ ಮನೆ, ಪಂಪ್‌ಶೆಡ್ಡುಗಳ ಮೂಲೆಯನ್ನೂ ಆರಿಸಿಕೊಳ್ಳುತ್ತದೆ.

ಹಗಲಿಡೀ ಎತ್ತರದ ಮರದಿಂದ ‘ಕುಟ್ರು, ಕುಟ್ರು’ ಎಂದು ಬೇಸರವಿಲ್ಲದೆ ಕೂಗುವುದು ಕುಟ್ರು ಹಕ್ಕಿ. ಎಲೆಯ ಬಣ್ಣದ್ದಾದ್ದರಿಂದ ಕಿವಿಗೆ ಸಿಕ್ಕಷ್ಟು ಸುಲಭವಾಗಿ ಕಣ್ಣಿಗೆ ಸಿಗುವುದಿಲ್ಲ. ಗಂಟಲಾಳದಿಂದ ‘ಹೂಪ್, ಹೂಪ್’ ಎನ್ನುತ್ತ ಬೇಲಿಯ ಬುಡದಲ್ಲಿ ನಡೆದಾಡುವುದು ಕೆಂಬೂತ. ಅದು ಬಸವನಹುಳುಗಳನ್ನೂ ತಿನ್ನುವುದರಿಂದ ತರಕಾರಿ ಬೆಳೆಯುವವರು ಅದನ್ನು ಓಡಿಸದಿರುವುದು ಒಳ್ಳೆಯದು.

ವರ್ಷದ ಯಾವ ಕಾಲದಲ್ಲಿ ಏನನ್ನು ಎದುರುನೋಡಬೇಕು?

ಲೆಕ್ಕವನ್ನು ಮುಂಗಾರಿನಿಂದ ಶುರುಮಾಡುವುದು ಸರಿ. ಮೊದಲ ಒಂದೆರಡು ದೊಡ್ಡ ಮಳೆ ಬಿದ್ದ ಮರುಸಂಜೆ ಗೆದ್ದಲುಗಳು ರೆಕ್ಕೆ ಹೊತ್ತು ನೆಲದಿಂದ ಹೊಗೆಯಂತೆ ಏಳುತ್ತವೆ. ಆ ಅರ್ಧ ಗಂಟೆ ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತರೆ, ಕಾಜಾಣ, ಪಿಕಳಾರ, ಗೊರವಂಕಗಳು ಗಾಳಿಯಲ್ಲಿ, ಓತಿ ಮತ್ತು ನೆಲಗಪ್ಪೆಗಳು ಕೆಳಗೆ, ಕತ್ತಲಾದ ಮೇಲೆ ಬಾವಲಿಗಳು, ಹೀಗೆ ಇಡೀ ಊರೇ ಒಂದು ಊಟಕ್ಕೆ ಸೇರಿದ್ದನ್ನು ನೋಡಬಹುದು. ನನಗೆ ವರ್ಷದ ಅತ್ಯಂತ ದೊಡ್ಡ ಹಬ್ಬ ಅದೇ.

ಜೂನ್ ಮತ್ತು ಜುಲೈ ಕಪ್ಪೆಗಳ ಕಾಲ. ನೀರು ನಿಂತ ಹೊಂಡದ ಮೇಲೆ ಚಾಚಿದ ಕೊಂಬೆಗಳಲ್ಲಿ ಬಿಳಿ ನೊರೆಯ ಮುದ್ದೆ ಅಂಟಿಕೊಂಡಿರುವುದು ಕಂಡರೆ ಅದು ತೇಲಿ ಹಾರುವ ಹಸಿರು ಮರಗಪ್ಪೆಯ ಗೂಡು. ಹೆಣ್ಣು ತನ್ನ ಹಿಂಗಾಲುಗಳಿಂದ ಕಡೆದು ಎಬ್ಬಿಸಿದ ನೊರೆಯೊಳಗೆ ಮೊಟ್ಟೆಗಳಿರುತ್ತವೆ. ಒಡೆದು ಹೊರಬಂದ ಗೊದಮೊಟ್ಟೆಗಳು ಮಳೆಹನಿಯೊಂದಿಗೆ ಕೆಳಗಿನ ನೀರಿಗೆ ತೊಟ್ಟಿಕ್ಕುತ್ತವೆ. ಸೆಪ್ಟೆಂಬರಿನಲ್ಲಿ, ಮಳೆ ಇನ್ನೂ ಪೂರ್ತಿ ಬಿಡದಿರುವಾಗಲೇ, ಬಾಲ ಕುಣಿಸುವ ಬೂದು ಸಿಪಿಲೆ ಹಿಮಾಲಯದ ಕಡೆಯಿಂದ ಬಂದು ಹಳ್ಳದ ಕಲ್ಲಿನ ಮೇಲೆ ಕುಳಿತಿರುತ್ತದೆ. ಅದು ಬಂದ ದಿನವನ್ನು ಪಂಚಾಂಗದ ಅಂಚಿನಲ್ಲಿ ಬರೆದಿಡುವುದು ನಮ್ಮ ಮನೆಯ ಪದ್ಧತಿ. ಅಕ್ಟೋಬರ್, ನವೆಂಬರ್ ಹೊತ್ತಿಗೆ ನವರಂಗ ಬರುತ್ತದೆ. ಹಸಿರು, ನೀಲಿ, ಕೆಂಪು, ಕಪ್ಪು ಬಣ್ಣಗಳನ್ನೆಲ್ಲ ಹೊತ್ತ ಈ ಗಿಡ್ಡ ಬಾಲದ ಹಕ್ಕಿ ತೋಟದ ದರಕಿನಲ್ಲಿ, ಅಂದರೆ ಉದುರಿದ ಒಣ ಎಲೆಗಳ ಹಾಸಿನಲ್ಲಿ, ಎಲೆ ಮಗುಚುತ್ತ, ಬೆಳಗು ಮತ್ತು ಮುಸ್ಸಂಜೆ ಎರಡೇ ಸ್ವರದಲ್ಲಿ ಸಿಳ್ಳೆ ಹಾಕುತ್ತದೆ. ಆಗಷ್ಟೇ ದೂರದಿಂದ ಬಂದವು ದಣಿದು ಮನೆಯೊಳಗೇ ಬಂದು ಬೀಳುವುದೂ ಉಂಟು.

ಚಳಿಗಾಲದ ಕೊನೆಯಲ್ಲಿ ಬೂರುಗ ಮತ್ತು ಹಾಲವಾಣ ಹೂ ಬಿಟ್ಟಾಗ ಒಂದೇ ಮರದಲ್ಲಿ ಹತ್ತಾರು ಬಗೆಯ ಹಕ್ಕಿಗಳು ಸೇರುತ್ತವೆ. ಬೇಸಿಗೆಯಲ್ಲಿ ಅತ್ತಿ, ಬಸರಿ ಹಣ್ಣಾದರೆ ಮಂಗಟ್ಟೆಗಳು ಬರುತ್ತವೆ. ಕೋಗಿಲೆ, ಮಡಿವಾಳಗಳ ಹಾಡು ಏರುವುದೂ ಆಗಲೇ. ಕೂಗುವ ಕಪ್ಪು ಕೋಗಿಲೆ ಗಂಡು. ಮೈತುಂಬ ಚುಕ್ಕೆಯಿರುವ ಕಂದು ಹೆಣ್ಣು ಕಾಗೆಯ ಗೂಡಿನ ಸುತ್ತ ಸುಳಿದಾಡುತ್ತಿರುತ್ತದೆ.

ಬಟ್ಟೆ ಒಣಗಿಸುವ ತಂತಿಗೆ ಪುಟ್ಟ ಹಕ್ಕಿಯೊಂದು ಗೂಡು ನೇತುಹಾಕಿದೆ. ತೆಗೆದು ಬೇರೆಡೆ ಕಟ್ಟಬಹುದೇ?

ದಯವಿಟ್ಟು ಬೇಡ. ಅದು ಸೂರಕ್ಕಿಯ ಗೂಡಾಗಿರಬೇಕು. ಹತ್ತಿರ ಹೋಗಿ ನೋಡಿದರೆ ಕಸದ ಚೂರೊಂದು ಗಾಳಿಗೆ ಸಿಕ್ಕಿಕೊಂಡಂತೆ ಇರುತ್ತದೆ: ನಾರು, ತೊಗಟೆಯ ಸಿಬಿರು, ಕಲ್ಲುಹೂವಿನ ತುಣುಕು, ಎಲ್ಲವನ್ನೂ ಜೇಡರ ಬಲೆಯಿಂದ ಬಿಗಿದು ಹೊಲಿದ ಚೀಲ, ಬಾಗಿಲಿಗೆ ಮಳೆ ಬಡಿಯದಂತೆ ಸಣ್ಣದೊಂದು ಸೂರು. ಕಟ್ಟುವುದು ಹೆಣ್ಣು. ಸಾಮಾನ್ಯವಾಗಿ ಎರಡು ಮೊಟ್ಟೆಯಿಟ್ಟು ಸುಮಾರು ಎರಡು ವಾರ ಕಾವು ಕೊಡುತ್ತದೆ. ಮರಿಗಳು ಹಾರುವುದಕ್ಕೆ ಮತ್ತೆ ಸುಮಾರು ಅಷ್ಟೇ ದಿನ. ಹೆಚ್ಚೆಂದರೆ ಐದಾರು ವಾರ ಬಟ್ಟೆಗೆ ಬೇರೆ ಹಗ್ಗ ಕಟ್ಟಿಕೊಂಡರೆ ಮುಗಿಯಿತು. ನಮ್ಮ ಅಮ್ಮ ಒಂದು ವರ್ಷ ಇಡೀ ಮಾರ್ಚ್ ತಿಂಗಳು ಅಂಗಳದ ತಂತಿಯ ಒಂದು ತುದಿಯನ್ನು ಬಿಟ್ಟುಕೊಟ್ಟು ಇನ್ನೊಂದು ತುದಿಯಲ್ಲೇ ಸೀರೆಗಳನ್ನು ಒಣಗಿಸಿದ್ದರು.

ಗೂಡನ್ನು ನೋಡುವುದಕ್ಕೆ ಹತ್ತು ಹೆಜ್ಜೆ ದೂರದ ಜಗಲಿಯೇ ಸರಿಯಾದ ಜಾಗ. ಫೋಟೋ ತೆಗೆಯುವ ಆಸೆಗೆ ಎಲೆಗಳನ್ನು ಸರಿಸಿದರೆ ಕಾಗೆ, ಮಟಪಕ್ಷಿಗಳಿಗೆ ನಾವೇ ದಾರಿ ತೋರಿಸಿದಂತಾಗುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಆ ಕೆಲವು ವಾರ ಬೆಳಗಿನ ಹೊತ್ತು ಅದನ್ನು ಒಳಗೇ ಇಟ್ಟುಕೊಳ್ಳಬೇಕು.

ಗೂಡಿನಿಂದ ಮರಿಯೊಂದು ನೆಲಕ್ಕೆ ಬಿದ್ದಿದೆ. ಸಾಕಬಹುದೇ?

ಪುಕ್ಕ ಬಂದು ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿರುವ ಮರಿ. ತಾಯಿ ಹತ್ತಿರದಲ್ಲೇ ಇರುತ್ತದೆ. ನಾಯಿಬೆಕ್ಕಿಗೆ ಸಿಗದಂತೆ ಪೊದೆಯ ಮೇಲಿಟ್ಟು ದೂರ ಸರಿಯಿರಿ. ಪುಕ್ಕವೇ ಬಂದಿಲ್ಲದಿದ್ದರೆ ಗೂಡಿಗೆ ಮರಳಿ ಇಡಬಹುದು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬ ಮಾತು ಹಕ್ಕಿಗಳ ವಿಷಯದಲ್ಲಿ ನಿಜವಲ್ಲ. ಬಾಯಿಗೆ ನೀರು ಅಥವಾ ಹಾಲು ಬಿಡಬೇಡಿ. ನಮ್ಮ ಕಾಡಿನ ಗಿಳಿಗಳನ್ನು ಹಿಡಿದು ಪಂಜರದಲ್ಲಿ ಸಾಕುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.

ಕರಿಬೇವಿನ ಗಿಡವನ್ನು ಹುಳು ತಿಂದು ಬೋಳು ಮಾಡುತ್ತಿದೆ. ಔಷಧಿ ಹೊಡೆಯಬೇಕೇ?

ಮೊದಲು ಆ ಹುಳುವನ್ನು ಸರಿಯಾಗಿ ನೋಡಿ. ಎಳೆಯದಿರುವಾಗ ಎಲೆಯ ಮೇಲೆ ಬಿದ್ದ ಹಕ್ಕಿಯ ಹಿಕ್ಕೆಯಂತೆ, ಕಪ್ಪು ಬಿಳುಪಾಗಿ, ಒದ್ದೆ ಹೊಳಪಿನಿಂದ ಇರುತ್ತದೆ. ಬೆಳೆದಂತೆ ಎಲೆಹಸಿರಿಗೆ ತಿರುಗಿ, ಭುಜದ ಭಾಗದಲ್ಲಿ ಕಣ್ಣಿನಂಥ ಗುರುತು ಮೂಡುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಇದು ಕಪ್ಪು ರೆಕ್ಕೆಯ ಮೇಲೆ ಬಿಳಿ ಮಚ್ಚೆಗಳ ಸಾಲಿರುವ ಕಾಮನ್ ಮಾರ್ಮನ್ ಚಿಟ್ಟೆಯ ಮರಿ. ಅದರ ಹೆಣ್ಣುಗಳಲ್ಲಿ ಕೆಲವು ವಿಷಕಾರಿಯಾದ ಬೇರೊಂದು ಚಿಟ್ಟೆಯ ವೇಷ ತೊಟ್ಟು, ರೆಕ್ಕೆಯಲ್ಲಿ ಕೆಂಪು ಮಚ್ಚೆ ಹೊತ್ತು ಹಾರುತ್ತವೆ. ಹಕ್ಕಿಗಳು ಮೋಸ ಹೋಗಿ ಅವುಗಳನ್ನು ಮುಟ್ಟುವುದಿಲ್ಲ.

ಬೇರೂರಿದ ಕರಿಬೇವಿನ ಗಿಡ ಇಂಥ ಹತ್ತು ಹುಳುಗಳನ್ನು ತಡೆದುಕೊಂಡು ಮತ್ತೆ ಚಿಗುರುತ್ತದೆ. ಗಿಡ ತೀರಾ ಚಿಕ್ಕದಾಗಿದ್ದರೆ ಹುಳುಗಳನ್ನು ಹಿತ್ತಿಲ ನಿಂಬೆ ಗಿಡಕ್ಕೆ ದಾಟಿಸಿದರಾಯಿತು, ಅದನ್ನೂ ಅವು ತಿನ್ನುತ್ತವೆ. ಚಿಟ್ಟೆ ಬೇಕು, ಹುಳು ಬೇಡ ಎನ್ನುವುದು ಸಾಧ್ಯವಿಲ್ಲದ ಮಾತು.

ಅಂಗೈಗಿಂತ ದೊಡ್ಡದಾದ, ಕಪ್ಪು ಹಳದಿ ರೆಕ್ಕೆಯ ಚಿಟ್ಟೆ ಅಂಗಳದ ಮೇಲೆ ಹಕ್ಕಿಯಂತೆ ತೇಲಿಹೋಗುವುದನ್ನೂ ನೀವು ಕಂಡಿರಬಹುದು. ಅದು ಸಹ್ಯಾದ್ರಿ ಬರ್ಡ್‌ವಿಂಗ್, ಕರ್ನಾಟಕದ ರಾಜ್ಯ ಚಿಟ್ಟೆ. ಹೆಣ್ಣಿನ ರೆಕ್ಕೆಯ ಹರವು 190 ಮಿಲಿಮೀಟರಿನವರೆಗೂ ಇರುತ್ತದೆ. ಇದು ಮೊಟ್ಟೆಯಿಡುವುದು ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಸಂಬಂಧಿಗಳ ಮೇಲೆ ಮಾತ್ರ. ಬೇಲಿ ಸವರುವಾಗ ಆ ಬಳ್ಳಿಯನ್ನು ಗುರುತಿಸಿ ಉಳಿಸಿದರೆ ಚಿಟ್ಟೆ ತಾನಾಗಿ ಬರುತ್ತದೆ. ರಥಪುಷ್ಪ ಮತ್ತು ಕೇಪಳದ ಗಿಡಗಳಿದ್ದರೆ ಬೆಳೆದ ಚಿಟ್ಟೆಗಳಿಗೂ ಮಕರಂದಕ್ಕೆ ಕೊರತೆಯಾಗದು.

ಹಾವುಗಳ ಭಯದಿಂದ ಮಕ್ಕಳನ್ನು ಅಂಗಳಕ್ಕೆ ಬಿಡುವುದಕ್ಕೇ ಹೆದರಿಕೆ. ಏನು ಮಾಡಬೇಕು?

ಹೆದರಿಕೆಗೆ ಕಾರಣವಿಲ್ಲ ಎಂದು ನಾನು ಹೇಳುವುದಿಲ್ಲ. ಹಾವು ಕಚ್ಚುವುದು ಹಳ್ಳಿಗಳ ನಿಜವಾದ ಸಂಕಟವಾದ್ದರಿಂದಲೇ ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆದರೆ ಅಂಗಳದಲ್ಲಿ ಕಾಣುವ ಹಾವುಗಳಲ್ಲಿ ಹೆಚ್ಚಿನವು ಕೇರೆ, ಹಸಿರುಹಾವು, ನೀರುಹಾವಿನಂಥವು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ತೋಟದ ತಂಪಿನಲ್ಲಿ ಮಲಗಿರುವ ಗುಳಿಮಂಡಲಗಳನ್ನು ಮನೆಯವರೆಲ್ಲ ಚಿತ್ರ ನೋಡಿಯಾದರೂ ಗುರುತಿಸಲು ಕಲಿತಿರಬೇಕು. ಗೋಡೆಯ ಹಲ್ಲಿಗಾಗಿ ಒಳಬರುವ ತೋಳ ಹಾವಿಗೆ ವಿಷವಿಲ್ಲ, ಆದರೆ ಅದು ಕಟ್ಟುಹಾವನ್ನೇ ಹೋಲುತ್ತದೆ. ಸಂಶಯವಿದ್ದಾಗ ವಿಷದ್ದೆಂದೇ ತಿಳಿದು ದೂರವಿರುವುದು ಜಾಣತನ.

ಹಾವು ಮನೆಗೆ ಬರುವುದು ಇಲಿಯ ಬೆನ್ನುಹತ್ತಿ. ಕೊಟ್ಟಿಗೆ ಮತ್ತು ಅಡಿಕೆ ಒಣಗಿಸುವ ಅಟ್ಟದ ಸುತ್ತ ಕಾಳುಕಡಿ ಚೆಲ್ಲದಿರುವುದು, ಕಟ್ಟಿಗೆ ರಾಶಿಯನ್ನು ಬಾಗಿಲಿನಿಂದ ದೂರ ಒಟ್ಟುವುದು, ಸಂಜೆಯ ನಂತರ ಟಾರ್ಚ್ ಇಲ್ಲದೆ ಕಾಲಿಡದಿರುವುದು, ದರಕು ಒಯ್ಯುವಾಗ ಕೈಹಾಕುವ ಮೊದಲು ಕೋಲಿನಿಂದ ಸರಿಸುವುದು, ಇವಿಷ್ಟರಿಂದಲೇ ಅಪಾಯ ಬಹಳ ತಗ್ಗುತ್ತದೆ. ಕಟ್ಟುಹಾವು ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಚ್ಚುವುದೇ ಹೆಚ್ಚು, ಕಚ್ಚಿದ ನೋವೂ ತಿಳಿಯದಿರಬಹುದು. ಆದ್ದರಿಂದ ಮಂಚ ಮತ್ತು ಸೊಳ್ಳೆಪರದೆ ಇರಲಿ. ಕಚ್ಚಿದರೆ ಗಾಯ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ನಾಟಿ ಮದ್ದಿಗೆಂದು ಹೊತ್ತು ಕಳೆಯಬಾರದು. ಕಚ್ಚಿಸಿಕೊಂಡವರನ್ನು ಅಲುಗಾಡಲು ಬಿಡದೆ 108ಕ್ಕೆ ಕರೆಮಾಡಿ ಅಥವಾ ಸಿಕ್ಕ ವಾಹನದಲ್ಲೇ ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಬೇಕು.

ಆಗುಂಬೆಯ ಕಡೆಯ ಮನೆಗಳಿಗೆ ಕಾಳಿಂಗ ಸರ್ಪವೂ ಬರುತ್ತದೆ. ಅದು ಬೇರೆ ಹಾವುಗಳನ್ನು ತಿಂದು ಬದುಕುವ ಹಾವು, ಮಳೆಗಾಲಕ್ಕೆ ಮೊದಲು ದರಕು ಗುಡ್ಡೆಹಾಕಿ ಗೂಡು ಕಟ್ಟಿ ಮೊಟ್ಟೆ ಕಾಯುವ ತಾಯಿ. ಪಶ್ಚಿಮ ಘಟ್ಟದ ಕಾಳಿಂಗವು ಬೇರೆಯದೇ ಪ್ರಭೇದವೆಂದು 2024ರಲ್ಲಿ ವಿಜ್ಞಾನಿಗಳು ಪ್ರಕಟಿಸಿದಾಗ ಅದಕ್ಕೆ ಇಟ್ಟ ಹೆಸರು ನಮ್ಮದೇ ಮಾತಾದ ‘ಕಾಳಿಂಗ’. ಆ ಸುದ್ದಿ ಓದಿದ ದಿನ ನನಗಾದ ಸಂತೋಷ ಇನ್ನೂ ಆರಿಲ್ಲ. ಅಂಥ ಹಾವು ಕಂಡಾಗ ಜನ ಗುಂಪುಗೂಡದೆ, ದಾರಿ ಬಿಟ್ಟು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಬೇಕು.

ಮಂಗಗಳಿಗೆ ಬಾಳೆಹಣ್ಣು ಕೊಡಬಹುದೇ?

ಕೊಡಬಾರದು. ಒಮ್ಮೆ ಕೈಯಿಂದ ತಿಂದು ರೂಢಿಯಾದ ಮಂಗ ಮರುದಿನ ಹೆಂಚು ತೆಗೆದು ಒಳಗಿಳಿಯುತ್ತದೆ, ಪಕ್ಕದ ಮನೆಯವರ ಫಸಲನ್ನೂ ಹಾಳುಮಾಡುತ್ತದೆ. ಎಳೆ ಅಡಿಕೆ, ಬಾಳೆ, ಏಲಕ್ಕಿಯನ್ನು ಕಳೆದುಕೊಂಡ ರೈತನ ಸಿಟ್ಟು ನ್ಯಾಯವಾದದ್ದು. ನೋಡಿ ಸಂತೋಷಪಡುವ ನಾವು ಆ ನಷ್ಟವನ್ನು ಹೆಚ್ಚಿಸುವುದು ಸರಿಯಲ್ಲ.

ಇನ್ನೊಂದು ಕಾರಣ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ, ಮಂಗಗಳ ಮೈಮೇಲೂ ಇರುವ ಉಣುಗುಗಳ ಕಡಿತದಿಂದ ಬರುತ್ತದೆ. ಡಿಸೆಂಬರಿನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ ಹೆಚ್ಚು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಆ ತಿಂಗಳುಗಳಲ್ಲಿ ಬೆಟ್ಟಕ್ಕೆ ಹೋಗುವಾಗ ಮೈತುಂಬ ಬಟ್ಟೆ ತೊಟ್ಟು, ಉಣುಗುಗಳನ್ನು ದೂರವಿಡಲು ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು, ಬಂದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಬೇಕು.

ರಾತ್ರಿ ಅಟ್ಟದ ಮೇಲೆ ಏನೋ ಓಡಾಡುತ್ತದೆ. ಗೂಬೆಯೂ ಕೂಗುತ್ತದೆ. ಕೆಟ್ಟದ್ದಲ್ಲವೇ?

ಓಡಾಡುವುದು ಇಲಿಗಿಂತ ಭಾರದ್ದೆನಿಸಿದರೆ ಕಬ್ಬೆಕ್ಕಿರಬಹುದು. ಬೆಳಗ್ಗೆ ಪಾಗಾರದ ಮೇಲೆ, ಬಗನಿ ಅಥವಾ ಕಾಫಿಯ ಬೀಜಗಳೇ ತುಂಬಿದ ಹಿಕ್ಕೆ ಕಂಡರೆ ಸಂಶಯ ಉಳಿಯುವುದಿಲ್ಲ. ಬೆಟ್ಟದಲ್ಲಿ ಬಗನಿ ಸಸಿಗಳು ಏಳುವುದರಲ್ಲಿ ಅದರ ಪಾಲು ದೊಡ್ಡದು. ಗೂಬೆಯ ಕೂಗಿನಲ್ಲಿ ಅಪಶಕುನವಿಲ್ಲ. ಅಡಿಕೆ, ಭತ್ತದ ಕಣಜವಿರುವ ಮನೆಗೆ ಇಲಿ ಹಿಡಿಯುವ ಗೂಬೆಗಿಂತ ಉಪಕಾರಿಯಾದ ನೆರೆಯವರಿಲ್ಲ.

ಗೋಡೆಯ ಸಂದಿನಿಂದ ಮೇಣದ ಸಣ್ಣ ಕೊಳವೆ ಹೊರಟಿದೆ. ಏನದು?

ಮುಜಂಟಿ ಜೇನು, ಕೆಲವರು ಮಿಸರಿ ಎನ್ನುತ್ತಾರೆ. ಚುಚ್ಚುವುದಿಲ್ಲ. ಸುಣ್ಣ ಬಳಿಯುವಾಗ ಕೊಳವೆಯನ್ನು ಮುಚ್ಚದೆ ಬಿಡಿ.

ಚಿಕ್ಕಂದಿನಲ್ಲಿ ನೋಡುತ್ತಿದ್ದಷ್ಟು ಮಿಂಚುಹುಳುಗಳು ಈಗಿಲ್ಲ. ಮರಳಿ ಬರುವಂತೆ ಮಾಡಬಹುದೇ?

ಬಹುಮಟ್ಟಿಗೆ ಸಾಧ್ಯ. ಮಿಂಚುಹುಳುವಿನ ಬೆಳಕು ಗಂಡುಹೆಣ್ಣುಗಳ ಮಾತುಕತೆ. ಅಂಗಳದಲ್ಲಿ ರಾತ್ರಿಯಿಡೀ ಬಿಳಿ ಎಲ್‌ಇಡಿ ಉರಿಯುತ್ತಿದ್ದರೆ ಆ ಮಾತು ಅವಕ್ಕೆ ಕಾಣಿಸುವುದೇ ಇಲ್ಲ. ಮೇ ನಡುವಿನಿಂದ ಜೂನ್ ನಡುವಿನವರೆಗಾದರೂ ಹೊರಗಿನ ದೀಪ ಆರಿಸಿ, ಬೇಕಾದಾಗ ಮಾತ್ರ ಹಾಕಿ. ಮರಿಗಳು ಒದ್ದೆ ನೆಲದಲ್ಲಿ, ದರಕಿನ ಅಡಿಯಲ್ಲಿ ಬಸವನಹುಳು ತಿಂದು ಬೆಳೆಯುತ್ತವೆ. ಆದ್ದರಿಂದ ಮನೆಯ ಹಿಂದಿನ ಒಂದು ಮೂಲೆಯನ್ನು ಗುಡಿಸದೆ, ಕಳೆನಾಶಕ ಹೊಡೆಯದೆ ಬಿಟ್ಟುಬಿಡಬೇಕು. ನಾವು ಬಾವಿಯ ಹಿಂದಿನ ಜಾಗವನ್ನು ಹೀಗೆ ಬಿಟ್ಟ ಮೂರನೆಯ ವರ್ಷ, ಕರೆಂಟು ಹೋದ ಒಂದು ರಾತ್ರಿ, ಅಲ್ಲಿನ ಹಲಸಿನ ಮರ ಬುಡದಿಂದ ತುದಿಯವರೆಗೆ ಮಿಣುಕುತ್ತಿತ್ತು.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣ ಕಲಸಿದ ದ್ರಾವಣ) ಹೊಡೆಯಲೇಬೇಕು. ಅದರಿಂದ ಈ ಜೀವಿಗಳಿಗೆ ತೊಂದರೆಯೇ?

ಹೊಡೆಯದೆ ಅಡಿಕೆ ಉಳಿಸಿಕೊಳ್ಳುವುದು ಕಷ್ಟ, ನಾವೂ ಹೊಡೆಸುತ್ತೇವೆ. ಆದರೆ ಮೈಲುತುತ್ತಿನ ತಾಮ್ರ ನೀರಿಗೆ ಸೇರಿದರೆ ಗೊದಮೊಟ್ಟೆ ಮತ್ತು ಮೀನುಗಳಿಗೆ ವಿಷ. ಒಂದು ವರ್ಷ ಡ್ರಮ್ಮನ್ನು ಹಳ್ಳದಲ್ಲೇ ತೊಳೆದೆವು. ಮರುಬೆಳಗ್ಗೆ ಕೆಳಗಿನ ಗುಂಡಿಯಲ್ಲಿ ನೂರಾರು ಗೊದಮೊಟ್ಟೆಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆ ನೋಟ ಮರೆಯುವಂಥದ್ದಲ್ಲ. ಅಂದಿನಿಂದ 100 ಲೀಟರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣದ ಅಳತೆಯನ್ನು ಮೀರುವುದಿಲ್ಲ, ಎಷ್ಟು ಬೇಕೋ ಅಷ್ಟೇ ಕಲಸುತ್ತೇವೆ, ತೊಳೆದ ನೀರನ್ನು ಹಳ್ಳದಿಂದ ದೂರ, ಮಣ್ಣಿನ ಗುಂಡಿಗೆ ಸುರಿಯುತ್ತೇವೆ.

ಹಕ್ಕಿಗಳಿಗೆ ನೀರು, ಕಾಳು ಇಡುವುದು ಒಳ್ಳೆಯದೇ?

ಬೇಸಿಗೆಯಲ್ಲಿ ನೀರು ಇಡಿ: ಎರಡು ಬೆರಳಿನಷ್ಟು ಆಳದ ಮಣ್ಣಿನ ತಟ್ಟೆ, ನಡುವೆ ಒಂದು ಕಲ್ಲು, ಬೆಕ್ಕು ಅವಿತುಕೊಳ್ಳಲಾಗದ ಬಯಲು ಜಾಗ. ಪ್ರತಿದಿನ ತೊಳೆದು ತುಂಬಿದರೆ ಸೊಳ್ಳೆಯೂ ಆಗುವುದಿಲ್ಲ. ಕಾಳಿಗಿಂತ ಗಿಡ ನೆಡುವುದು ಮೇಲು. ಅತ್ತಿ, ನೇರಳೆ, ರಂಜ, ದಾಸವಾಳ ನೆಟ್ಟ ಮನೆಗೆ ಹಕ್ಕಿಗಳನ್ನು ಕರೆಯಬೇಕಾಗಿಲ್ಲ. ತೆರೆದ ಬಾವಿ, ನೀರಿನ ತೊಟ್ಟಿಗಳಿಗೆ ಒಂದು ಹಲಗೆಯನ್ನು ಓರೆಯಾಗಿ ಇಳಿಬಿಟ್ಟರೆ ಬಿದ್ದ ಅಳಿಲು, ಓತಿಗಳು ಹತ್ತಿ ಬರುತ್ತವೆ.

ಹೆಸರು ತಿಳಿಯುವುದಕ್ಕೆ, ಬರೆದಿಡುವುದಕ್ಕೆ ಏನೇನು ಬೇಕು?

ಒಂದು ನೋಟ್‌ಪುಸ್ತಕ ಮತ್ತು ಪೆನ್ಸಿಲ್ ಸಾಕು. ಕೊಳ್ಳುವ ಶಕ್ತಿಯಿದ್ದರೆ 8x42 ಅಳತೆಯ ಬೈನಾಕ್ಯುಲರ್ ತೋಟದ ಮಬ್ಬಿಗೆ ಚೆನ್ನಾಗಿ ಒದಗುತ್ತದೆ. ಮೊಬೈಲಿನ ಮರ್ಲಿನ್ ಆ್ಯಪ್ ಹಕ್ಕಿಗಳ ಹೆಸರಿಗೆ, ಐನ್ಯಾಚುರಲಿಸ್ಟ್ ಹುಳು, ಹೂ, ಕಪ್ಪೆಗಳ ಹೆಸರಿಗೆ ನೆರವಾಗುತ್ತವೆ. ಆದರೂ ಊರಿನ ಹಿರಿಯರನ್ನು ಕೇಳಿ ಸ್ಥಳೀಯ ಹೆಸರನ್ನು ಪಕ್ಕದಲ್ಲಿ ಬರೆದುಕೊಳ್ಳಿ, ಏಕೆಂದರೆ ಆ ಹೆಸರುಗಳೆಲ್ಲ ಆ್ಯಪ್‌ಗಳಲ್ಲಿ ಸಿಗುವುದಿಲ್ಲ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಿಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಅಂಗಳದಲ್ಲಿ ಹದಿನೈದು ನಿಮಿಷ ಕುಳಿತು ಕಂಡದ್ದನ್ನು ಹಕ್ಕಿಗಳ ದಾಖಲೆಯ ಜಾಲತಾಣವಾದ ಇಬರ್ಡ್‌ಗೆ ಸೇರಿಸಿದರೆ ನಿಮ್ಮ ಮನೆಯ ಮಡಿವಾಳವೂ ಆ ಲೆಕ್ಕಕ್ಕೆ ಬರುತ್ತದೆ. ಬರೆಯುವಾಗ ದಿನಾಂಕ, ಹೊತ್ತು, ಮಳೆಯಿತ್ತೋ ಬಿಸಿಲಿತ್ತೋ ಎಂಬುದನ್ನು ಬಿಡಬೇಡಿ. ನಮ್ಮ ಹಳೆಯ ಪಂಚಾಂಗಗಳ ಅಂಚಿನಲ್ಲಿ ‘ಸಿಪಿಲೆ ಬಂತು’ ಎಂಬ ಎರಡೇ ಪದಗಳಿವೆ. ಆ ದಿನ ಹಳ್ಳದಲ್ಲಿ ನೀರೆಷ್ಟಿತ್ತು ಎಂದೂ ಬರೆದಿದ್ದರೆ ಎಂದು ಈಗ ಅನಿಸುತ್ತದೆ.